ಮೂರು ತಿಂಗಳು ನನ್ನ ಪಕ್ಕ ನಿಂತವರಿಗೆ

ನಿನ್ನೆ ಮಧ್ಯಾಹ್ನ ಆಸ್ಪತ್ರೆ ಆಫೀಸಿನಿಂದ ನನ್ನ ನರ್ಸ್ ಕೆಲಸ ಖಾಯಂ ಆದ ಕನ್ಫರ್ಮೇಷನ್ ಲೆಟರ್ ಕೈಗೆ ಬಂತು. ಅಮ್ಮನಿಗೆ ಫೋನಿನಲ್ಲಿ ಓದಿ ಹೇಳೋಣ ಅಂದರೆ ಎರಡನೇ ಸಾಲಿಗೇ ಗಂಟಲು ಕಟ್ಟಿತು.

3 ತಿಂಗಳ ಹಿಂದೆ ಅದೇ ಆಫೀಸಿನಿಂದ ಬಂದಿದ್ದ ಕಾಗದವೇ ಬೇರೆ. ಕೆಲಸ ಸಾಲದು, ಪ್ರೊಬೇಷನ್ ಇನ್ನೂ 3 ತಿಂಗಳು, ಸುಧಾರಿಸದಿದ್ದರೆ ಕೆಲಸದಿಂದ ಬಿಡಿಸುತ್ತೇವೆ ಎಂದಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಜಿಎನ್ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಅರಸೀಕೆರೆಯಿಂದ ಬೆಂಗಳೂರಿಗೆ ಬಂದವಳು ನಾನು. ಒಬ್ಬ ರೋಗಿಯ ಸುತ್ತ ಹತ್ತು ಜನ ವಿದ್ಯಾರ್ಥಿಗಳು ನಿಂತು ಕಲಿತಿದ್ದೆವು. ವಾರ್ಡಿನಲ್ಲಿ ಎಂಟು ರೋಗಿಗಳು ನನ್ನೊಬ್ಬಳ ಪಾಲಿಗೆ ಬಂದಾಗ ತಲೆ ಓಡುತ್ತಿರಲಿಲ್ಲ. ಮಾತ್ರೆ ಕೊಟ್ಟು ಚಾರ್ಟಿನಲ್ಲಿ ಸಹಿ ಹಾಕುವುದನ್ನು ಮರೆಯುತ್ತಿದ್ದೆ. ಸಹಿ ಇಲ್ಲದಿದ್ದರೆ ಮುಂದಿನ ಶಿಫ್ಟಿನವರು ಕೊಟ್ಟಿಲ್ಲ ಅಂತಲೇ ತಿಳಿಯುತ್ತಾರೆ, ಅಲ್ವಾ? ಒಂದು ದಿನ ಹಾಗೇ ಆಯಿತು. ಬಿಪಿ ಮಾತ್ರೆ ಎರಡನೇ ಸಲ ಬಾಯಿಗೆ ಹೋಗುವುದರಲ್ಲಿತ್ತು. "ಆಗ್ಲೇ ಕೊಟ್ರಲ್ಲಮ್ಮ" ಅಂತ ಆ ಅಜ್ಜಿಯೇ ಹೇಳಿದ್ದರಿಂದ ಉಳಿಯಿತು. ಆ ಅಜ್ಜಿಗೆ ನನ್ನ ಮೊದಲ ನಮಸ್ಕಾರ.

ನಮ್ಮ ಇನ್‌ಚಾರ್ಜ್ ಸಿಸ್ಟರ್‌ಗೆ ಏನು ಹೇಳಲಿ! ಲೆಟರ್ ಬಂದ ದಿನ ಅವರು ನನ್ನನ್ನು ಸ್ಟೋರ್ ರೂಮಿಗೆ ಕರೆದು ಒಂದು ಹಾಳೆ ಕೊಟ್ಟರು. "ನಿಂಗೆ ಏನೇನು ಬರಲ್ಲ ಅಂತ ಬರಿ. ಬರೋದನ್ನ ಬರೀಬೇಡ" ಅಂದರು. ಒಂಬತ್ತು ವಿಷಯ ಬರೆದೆ. ಆ ಹಾಳೆಯನ್ನು ಅವರು ಇನ್ಯಾರಿಗೂ ತೋರಿಸಲಿಲ್ಲ. ಆಮೇಲೆ ಒಂದೊಂದಾಗಿ ಹಿಡಿದು ಕಲಿಸಿದರು.

ಮೊದಲನೆಯದು ಡ್ರಿಪ್. 500 ಎಂಎಲ್ ಸಲೈನ್ 8 ಗಂಟೆಯಲ್ಲಿ ಹೋಗಬೇಕು. ನಮ್ಮ ಸೆಟ್ಟಿನಲ್ಲಿ ಒಂದು ಎಂಎಲ್‌ಗೆ 20 ಹನಿ. ಅಂದರೆ ನಿಮಿಷಕ್ಕೆ 21 ಹನಿ. ಪರೀಕ್ಷೆಯಲ್ಲಿ ಈ ಲೆಕ್ಕಕ್ಕೆ ಪೂರ್ತಿ ಮಾರ್ಕ್ಸ್ ತೆಗೆದಿದ್ದೆ. ಮಂಚದ ಪಕ್ಕ ನಿಂತರೆ ಮಾತ್ರ ಕೈ ನಡುಗುತ್ತಿತ್ತು. ಸಿಸ್ಟರ್ ತಮ್ಮ ವಾಚು ಬಿಚ್ಚಿ ಹನಿ ಬೀಳುವ ಚೇಂಬರ್‌ಗೆ ತಾಗುವಂತೆ ಹಿಡಿದರು. "ಹನಿ, ಮುಳ್ಳು ಎರಡೂ ಒಟ್ಟಿಗೆ ಕಾಣ್ಬೇಕು. 15 ಸೆಕೆಂಡಿಗೆ ಐದು ಹನಿ ಬಿದ್ರೆ ಹೆಚ್ಚುಕಡಿಮೆ ಸರಿ" ಅಂದರು. ಹನಿಯ ವೇಗ ಹೆಚ್ಚುಕಡಿಮೆ ಮಾಡುವ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸುವುದನ್ನು ಅವರ ಬೆರಳು ನೋಡಿ ಕಲಿತೆ. "ಅರ್ಧ ಗಂಟೆ ಬಿಟ್ಟು ಮತ್ತೆ ಬಾ. ಪೇಷಂಟ್ ಕೈ ಮಡಚಿದ್ರೆ ಈ ಲೆಕ್ಕ ಉಳಿಯಲ್ಲ." ಈ ಮಾತನ್ನು ನಾನು ಪುಸ್ತಕದಲ್ಲಿ ಓದಿದ ನೆನಪಿಲ್ಲ.

ಕ್ಯಾನುಲಾ, ಅಂದರೆ ಡ್ರಿಪ್‌ಗಾಗಿ ನರಕ್ಕೆ ಚುಚ್ಚಿ ಕೂರಿಸುವ ಸಣ್ಣ ನಳಿಕೆ, ಹಾಕಲು ಕಲಿಸಿದ್ದು ಹಾಸ್ಟೆಲ್ ರೂಮಿನ ಚೇಚಿ (ಮಲಯಾಳಿ ಅಕ್ಕ). ವಯಸ್ಸಾದವರ ಚರ್ಮ ಜಾರುತ್ತದೆ, ಹೆಬ್ಬೆರಳಿನಿಂದ ಕೆಳಕ್ಕೆ ಎಳೆದು ಹಿಡಿ, ನೀಲಿ ಬಣ್ಣದ 22ನೇ ಸೈಜ್ ಸಾಕು, ಕಣ್ಣಿಗಿಂತ ಬೆರಳನ್ನು ನಂಬು ಅಂದಳು. ಎರಡು ಸಲ ನರ ಸಿಗದಿದ್ದರೆ ಮೂರನೇ ಸಲ ನೀನು ಚುಚ್ಚಬೇಡ, ಬೇರೆಯವರನ್ನು ಕರಿ ಅಂತಲೂ ಹೇಳಿದಳು. ಅಲ್ಲಿಯವರೆಗೆ ಕರೆಯೋದು ಅವಮಾನ ಅಂದುಕೊಂಡಿದ್ದೆ. ಹಾಗೆ ಒದ್ದಾಡುತ್ತಿದ್ದ ಒಂದು ದಿನ ರಿಟೈರ್ ಆದ ಬಸ್ ಕಂಡಕ್ಟರ್ ಒಬ್ಬರು ತಾವಾಗಿಯೇ ಇನ್ನೊಂದು ಕೈ ಚಾಚಿ "ಇಲ್ಲಿ ನೋಡು ಮಗಳೇ, ಇಲ್ಲಿ ಸಿಗ್ಬಹುದು" ಅಂದರು. ಸಿಕ್ಕಿತು. ನನಗಿಂತ ಅವರಿಗೇ ಖುಷಿ ಜಾಸ್ತಿ.

ನಮ್ಮ ಆಯಮ್ಮನನ್ನು ಹೇಗೆ ಮರೆಯಲಿ? ಒಂದು ರಾತ್ರಿ ಮೂರು ಗಂಟೆಗೆ ಬಂದು, "ಆರನೇ ಬೆಡ್ ಅಜ್ಜಂದು ಯೂರಿನ್ ಬ್ಯಾಗು ಆಗಿಂದ ಹಾಗೇ ಐತೆ, ನೋಡು ಸಿಸ್ಟರ್" ಅಂದರು. ಹೋಗಿ ನೋಡಿದರೆ ನಳಿಕೆ ತೊಡೆಯ ಕೆಳಗೆ ಮಡಚಿಕೊಂಡಿತ್ತು. ಬಿಡಿಸಿದ ಕೂಡಲೇ ಹರಿಯಿತು, ಅಜ್ಜ ನಿಟ್ಟುಸಿರು ಬಿಟ್ಟರು. ಆವತ್ತಿನಿಂದ ಪ್ರತಿ ರೌಂಡಿನಲ್ಲೂ ಹೊದಿಕೆ ಎತ್ತಿ ನಳಿಕೆಯನ್ನು ಕೊನೆಯವರೆಗೂ ಕೈಯಿಂದ ಮುಟ್ಟಿ ನೋಡುತ್ತೇನೆ.

ಆ ಮೊದಲ ಲೆಟರ್‌ಗೆ ಸಹಿ ಹಾಕಿದ್ದ ಸೂಪರಿಂಟೆಂಡೆಂಟ್ ಮೇಡಂಗೂ ಮನಸಾರೆ ಧನ್ಯವಾದ. ಸುಮ್ನೆ ಕಳಿಸಿಬಿಡಬಹುದಿತ್ತು. ಕಳೆದ ವಾರ ಅವರೇ ಕೂರಿಸಿಕೊಂಡು ಪರೀಕ್ಷೆ ಮಾಡಿದರು. ಒಂದು ಎಂಎಲ್‌ಗೆ 40 ಯೂನಿಟ್ ಇರುವ ಇನ್ಸುಲಿನ್‌ಗೆ ಯಾವ ಸಿರಿಂಜ್ ಅಂದರು, ಕೆಂಪು ಕ್ಯಾಪಿನದು ಅಂದೆ. ಕೊನೆಗೆ "ಈಗಲೂ ಯಾವುದು ಕಷ್ಟ?" ಎಂದು ಕೇಳಿದರು. ಇಬ್ಬರಿಗೆ ಒಟ್ಟಿಗೆ ಸೀರಿಯಸ್ ಆದರೆ ಯಾರ ಹತ್ತಿರ ಮೊದಲು ಓಡಬೇಕು ಅನ್ನುವುದು ಗೊತ್ತಾಗುವುದಿಲ್ಲ ಮೇಡಂ ಎಂದೆ. ಮುಚ್ಚಿಡಲಿಲ್ಲ. ಅವರು ಅದನ್ನೂ ಬರೆದುಕೊಂಡರು, ಕಲಿಯೋಣ ಅಂದರು.

ಹೊಸದಾಗಿ ಕೆಲಸಕ್ಕೆ ಸೇರುವ ಎಲ್ಲ ನರ್ಸ್‌ಗಳಿಗೂ ಇಂಥವರು ಸಿಗಬೇಕು. ಎಷ್ಟೋ ಹುಡುಗಿಯರು ಹೆದರಿಕೊಂಡೇ ಕೆಲಸ ಬಿಟ್ಟು ಊರಿಗೆ ಹೋಗುತ್ತಾರೆ. ಕಲಿಸುವವರು ಒಬ್ಬರಿದ್ದಿದ್ದರೆ ಅವರೂ ಉಳಿಯುತ್ತಿದ್ದರು ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ.

ಅಮ್ಮಾ, "ಕೆಲಸ ಹೋದ್ರೆ ಹೋಗ್ಲಿ, ನೀನು ಊಟ ಬಿಡ್ಬೇಡ" ಅಂತ ದಿನಾ ರಾತ್ರಿ ಫೋನ್ ಮಾಡಿದೆಯಲ್ಲ, ಆ ಮಾತಿನ ಮೇಲೆಯೇ ನಾನು ನಿಂತಿದ್ದೆ.

ಒಂಬತ್ತರಲ್ಲಿ ಏಳಕ್ಕೆ ಸಿಸ್ಟರ್ ಗೀಟು ಹಾಕಿದ್ದಾರೆ. ಉಳಿದಿದ್ದು ಎರಡು. ಇವತ್ತು ನೈಟ್ ಡ್ಯೂಟಿ. ಅಮ್ಮ ಕಳಿಸಿದ ಕೊಬ್ಬರಿ ಮಿಠಾಯಿ ಡಬ್ಬಿ ಬ್ಯಾಗಿನಲ್ಲಿದೆ, ಮೊದಲ ತುಂಡು ಆಯಮ್ಮನಿಗೆ.