ಒಕ್ಕದ ಪುಸ್ತಕದಲ್ಲಿ ಹೆಣ್ಣುಮಕ್ಕಳ ಮನೆಯನ್ನೂ ಬರೆಯಿರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ವಿರಾಜಪೇಟೆ ತಾಲ್ಲೂಕಿನವಳು. 30 ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ಈಗ ನಮ್ಮ ಕೊಡಗಿನಲ್ಲಿ ಒಂದೊಂದೇ ಒಕ್ಕದವರು (ಒಕ್ಕ ಅಂದರೆ ತಂದೆಯ ಕಡೆಯಿಂದ ಬರುವ ಮನೆತನ) ತಮ್ಮ ವಂಶಾವಳಿಯ ಪುಸ್ತಕ ಮಾಡಿಸುತ್ತಿದ್ದಾರೆ. ನೋಡಿದರೆ ಖುಷಿಯಾಗುತ್ತದೆ. ಒಕ್ಕದ ಮೂಲಮನೆಯಾದ ಐನ್‌ಮನೆಯ ಫೋಟೋ ಇರುತ್ತದೆ, ಹಿರಿಯರಿಂದ ಹಿಡಿದು ಮೊನ್ನೆ ಹುಟ್ಟಿದ ಮಗುವಿನವರೆಗೆ ಹೆಸರು ಇರುತ್ತದೆ. ಈ ಪುಸ್ತಕ ಮಾಡುವವರಿಗೆ ಒಂದು ಮಾತು ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ, ದಯವಿಟ್ಟು ಪೂರ್ತಿ ಹಾಕಿ.

ಮೂರು ವರ್ಷದ ಹಿಂದೆ ನನ್ನ ತಮ್ಮನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಗೊತ್ತಾಯಿತು. ಆಗ ಅವನಿಗೆ 49. ಅದಕ್ಕೂ ಮೊದಲು ಸುಮಾರು ಒಂದು ವರ್ಷ ಮಲದಲ್ಲಿ ರಕ್ತ ಹೋಗುತ್ತಿತ್ತು. ತೋರಿಸಿದ ಕಡೆ ಮೂಲವ್ಯಾಧಿ ಅಂತ ಮಾತ್ರೆ ಕೊಟ್ಟರು, ಮುಲಾಮು ಕೊಟ್ಟರು. ಕಾಫಿ ಕೊಯ್ಲಿನ ಸಮಯ, ಆಳುಗಳು ಸಿಗುತ್ತಿರಲಿಲ್ಲ, ಅವನೂ ಮುಂದೆ ಹಾಕಿದ. 'ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತಾ' ಅಂತ ಒಮ್ಮೆ ಕೇಳಿದ್ದರಂತೆ. ಇಲ್ಲ ಅಂದನಂತೆ. ಅವನು ಸುಳ್ಳು ಹೇಳಿದ್ದಲ್ಲ. ಮನೆ ಅಂದರೆ ನಮಗೆ ಅಪ್ಪನ ಒಕ್ಕ. ಅಪ್ಪನ ಕಡೆಯವರೆಲ್ಲ ಎಂಬತ್ತು, ತೊಂಬತ್ತು ದಾಟಿ ಹೋದವರು.

ಆಪರೇಷನ್ ಆದ ಆಸ್ಪತ್ರೆಯಲ್ಲಿ ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. ಅವರು ಒಂದು ಬಿಳಿ ಹಾಳೆ ತೆಗೆದುಕೊಂಡು ನನ್ನನ್ನು ಎದುರಿಗೆ ಕೂರಿಸಿಕೊಂಡರು. ಗಂಡಾದರೆ ಚೌಕ, ಹೆಣ್ಣಾದರೆ ಸೊನ್ನೆ. ತೀರಿಕೊಂಡಿದ್ದರೆ ಓರೆ ಗೆರೆ. ಕಾಯಿಲೆ ಬಂದಿದ್ದರೆ ಒಳಗೆಲ್ಲ ಕಪ್ಪು. 'ನಿಮ್ಮ ತಾಯಿ?' ಅಂದರು. 1979ರಲ್ಲಿ, 46ಕ್ಕೇ ಹೋದರು, ಹೊಟ್ಟೆಯಲ್ಲಿ ಗಡ್ಡೆ ಅಂದಿದ್ದರು ಅಂತ ಹೇಳಿದೆ. ನಾನಾಗ ಎಸ್ಸೆಸ್ಸೆಲ್ಸಿ, ತಮ್ಮನಿಗೆ ಆರು ವರ್ಷ. 'ತಾಯಿಯ ಅಣ್ಣತಮ್ಮಂದಿರು, ಅಕ್ಕತಂಗಿಯರು?' ಅಂದರು. ನನಗೆ ಸರಿಯಾಗಿ ಗೊತ್ತಿರಲಿಲ್ಲ. ಮೆಂಡೆಲ್‌ನ ಬಟಾಣಿ ಗಿಡದ ಪಟ್ಟಿಯನ್ನು ಪ್ರತಿ ವರ್ಷ ಬೋರ್ಡ್ ಮೇಲೆ ಬರೆದವಳು ನಾನು. ಅವ್ವನ ತಾಮನೆಯ, ಅಂದರೆ ತವರುಮನೆಯ, ಪಟ್ಟಿ ಒಮ್ಮೆಯೂ ಬರೆದಿರಲಿಲ್ಲ. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ನಾಪೋಕ್ಲು ಹತ್ತಿರ ಇರುವ ಚಿಕ್ಕಮ್ಮನ ಮನೆಗೆ ಹೋದೆ. ಅವ್ವನ ಕೊನೆಯ ತಂಗಿ, ಈಗ 84. ಅಡುಗೆಮನೆಯ ಮೇಜಿನ ಮೇಲೆ ಡ್ರಾಯಿಂಗ್ ಶೀಟ್ ಬಿಡಿಸಿದೆವು. ಸುರುಟಿಕೊಳ್ಳದ ಹಾಗೆ ಒಂದು ಮೂಲೆಗೆ ಕಾಚಂಪುಳಿ ಬಾಟಲಿ, ಇನ್ನೊಂದಕ್ಕೆ ಅವರ ಕನ್ನಡಕದ ಡಬ್ಬಿ. ಚಿಕ್ಕಮ್ಮನಿಗೆ ಇಸವಿ ನೆನಪಿಲ್ಲ. 'ದೊಡ್ಡಣ್ಣ ಹೋದದ್ದು ಹೂಮಳೆ ಕೈಕೊಟ್ಟ ವರ್ಷ. ಕರುಳಿನದ್ದೇ, ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದರು.' 'ದೊಡ್ಡಕ್ಕ ಹೋದದ್ದು ಪುತ್ತರಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ, ಗರ್ಭಕೋಶ ಅಂದರು.' 'ನಿನ್ನ ಅವ್ವನಿಗೆ ಕರುಳು ಕಟ್ಟಿಕೊಂಡಿತ್ತು.' ಅಜ್ಜ ಐವತ್ತಕ್ಕೆಲ್ಲ ಮೂಲವ್ಯಾಧಿಯಲ್ಲಿ ರಕ್ತ ಹೋಗಿ ಹೋಗಿಯೇ ತೀರಿಕೊಂಡದ್ದಂತೆ. ಮೂಲವ್ಯಾಧಿ ಅನ್ನುವ ಮಾತು ನನ್ನ ತಮ್ಮನಿಗಿಂತ ಎಷ್ಟು ಹಿಂದೆ ಶುರುವಾಗಿತ್ತು ನೋಡಿ. ಸಣ್ಣ ಮಾವ ಸೈನ್ಯದಲ್ಲಿದ್ದರು, 1965ರ ಯುದ್ಧದಲ್ಲಿ ಹೋದರು. ಅವರ ಚೌಕದೊಳಗೆ ಏನೂ ತುಂಬಲಿಲ್ಲ, ಗೆರೆ ಮಾತ್ರ ಎಳೆದೆ.

'ಇದೇನು ಕಪ್ಪು ಮಾಡಿದ್ದೀಯಾ?' ಅಂತ ಚಿಕ್ಕಮ್ಮ ಕೇಳಿದರು. ಕಾಯಿಲೆ ಬಂದವರು ಅಂದೆ. ಅವರು ಬೆರಳಿಟ್ಟು ಒಂದೊಂದನ್ನೇ ಮುಟ್ಟುತ್ತಾ ಬಂದು, ಕೊನೆಗೆ ತಮ್ಮ ಸೊನ್ನೆಯ ಮೇಲೆ ನಿಲ್ಲಿಸಿದರು. 'ನಾನು ಉಳಿದೆನಲ್ಲ' ಅಂದರು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಮದುವೆಯಲ್ಲಿ ಸಮ್ಮಂಧದ ಶಾಸ್ತ್ರ ಮುಗಿದರೆ ಹೆಣ್ಣು ಗಂಡನ ಒಕ್ಕದವಳು. ಹಾಗಾಗಿ ಅಜ್ಜ, ದೊಡ್ಡಮಾವ ಒಂದು ಪುಸ್ತಕದಲ್ಲಿದ್ದಾರೆ. ಅವ್ವ ನಮ್ಮ ಪುಸ್ತಕದಲ್ಲಿ. ದೊಡ್ಡಮ್ಮ ಇನ್ನೊಂದರಲ್ಲಿ. ಒಂದೇ ಕಾಯಿಲೆ ಮೂರು ಒಕ್ಕಗಳಿಗೆ ಹಂಚಿಹೋಗಿತ್ತು. ಯಾವ ಪುಸ್ತಕ ತೆರೆದರೂ ಒಂದೆರಡು ಸಾವು ಕಾಣುತ್ತಿತ್ತೇ ಹೊರತು ಸಾಲು ಕಾಣುತ್ತಿರಲಿಲ್ಲ.

ಪರೀಕ್ಷೆ ಮಾಡಿಸಿದಾಗ ತಮ್ಮನದು ಲಿಂಚ್ ಸಿಂಡ್ರೋಮ್ ಅಂತ ಬಂತು. ಕರುಳು, ಗರ್ಭಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಿಸುವ, ವಂಶದಲ್ಲಿ ಇಳಿದು ಬರುವ ದೋಷ ಅದು. ಯಾರು ಈ ಲಿಂಚ್ ಅಂತ ಹುಡುಕಿ ಓದಿದೆ. ಹೆನ್ರಿ ಲಿಂಚ್, ಅಮೆರಿಕದವರು, ಹುಟ್ಟಿದ್ದು 1928ರಲ್ಲಿ. 16ನೇ ವಯಸ್ಸಿನಲ್ಲೇ ವಯಸ್ಸು ಜಾಸ್ತಿ ಹೇಳಿ ನೌಕಾಪಡೆ ಸೇರಿದ್ದರು. ವಾಪಸ್ ಬಂದು ಬಾಕ್ಸಿಂಗ್ ಮಾಡಿದರು. ಆಮೇಲೆ ಓದಿ, ತಳಿಶಾಸ್ತ್ರ ಕಲಿತು, 1960ರಲ್ಲಿ ಡಾಕ್ಟರಾದರು. 1962ರಲ್ಲಿ ಒಮಾಹ ಅನ್ನುವ ಊರಿನ ಆಸ್ಪತ್ರೆಯಲ್ಲಿ ಕುಡಿತದಿಂದ ನಡುಗುತ್ತಿದ್ದ ಒಬ್ಬ ರೋಗಿಯನ್ನು ನೋಡಿದರು. ಯಾಕೆ ಕುಡಿಯುತ್ತೀಯಾ ಅಂದರೆ, ನಮ್ಮ ಮನೆಯವರೆಲ್ಲ ಕ್ಯಾನ್ಸರಿನಲ್ಲೇ ಸಾಯುತ್ತಾರೆ, ನಾನೂ ಹಾಗೇ ಸಾಯುತ್ತೇನೆ ಅಂದನಂತೆ. ಕುಡುಕನ ಮಾತು ಅಂತ ಬಿಡಬಹುದಿತ್ತು. ಲಿಂಚ್ ಬಿಡಲಿಲ್ಲ. ಅವನ ವಂಶಾವಳಿ ಬರೆಯಲು ಕೂತರು.

ಶುರುವಿನಲ್ಲಿ ಅವರ ಕೈಯಲ್ಲಿದ್ದದ್ದು ಕಾಗದ, ಪೆನ್ಸಿಲ್, ಜನರ ನೆನಪು. ಆನ್ ಕ್ರಷ್ ಅನ್ನುವ ಸಮಾಜಕಾರ್ಯಕರ್ತೆಯ ಜೊತೆ ಆ ಕುಟುಂಬಗಳವರನ್ನು ಹುಡುಕಿಕೊಂಡು ಹೋದರು. ಕುಟುಂಬದವರೆಲ್ಲ ಸೇರುವ ಕೂಟಗಳಿಗೂ ಹೋದರು. ಯಾರು, ಯಾವ ವಯಸ್ಸಿಗೆ, ಯಾವುದರಿಂದ ಹೋದರು ಅಂತ ಕೇಳಿ ಬರೆದುಕೊಂಡರು. ಬರೀ ಬಾಯಿಮಾತು ನಂಬದೆ ಆಸ್ಪತ್ರೆಯ ಕಾಗದಗಳನ್ನೂ ತರಿಸಿ ನೋಡಿದರು. 1966ರಲ್ಲಿ ಇಂಥ ಎರಡು ದೊಡ್ಡ ಕುಟುಂಬಗಳ ವಿವರ ಪ್ರಕಟಿಸಿದರು. ಆ ಕಾಲದಲ್ಲಿ ಕ್ಯಾನ್ಸರ್ ಬರುವುದು ಹೊಗೆ, ರಾಸಾಯನಿಕ, ವೈರಸ್ ಇಂಥವುಗಳಿಂದ ಅನ್ನುವವರೇ ಹೆಚ್ಚು. ರಕ್ತದಲ್ಲಿ ಬರುತ್ತದೆ ಅಂದರೆ ಯಾರೂ ಕಿವಿಗೊಡಲಿಲ್ಲ. ಸಂಶೋಧನೆಗೆ ಹಣ ಕೇಳಿ ಹಾಕಿದ ಅರ್ಜಿಗಳು ವರ್ಷಗಟ್ಟಲೆ ತಿರಸ್ಕಾರವಾದವು. ಕ್ರೈಟನ್ ವಿಶ್ವವಿದ್ಯಾಲಯದಲ್ಲಿ ಕೂತು ಮನುಷ್ಯ ಬರೆಯುತ್ತಲೇ ಹೋದರು.

ಅವರಿಗೂ ಮುಂಚೆ ಒಬ್ಬರು ಇದನ್ನು ಕಂಡಿದ್ದರು. 1895ರಲ್ಲಿ ಮಿಷಿಗನ್‌ನ ಡಾಕ್ಟರ್ ಆಲ್ಡ್ರೆಡ್ ವಾರ್ತಿನ್ ಅವರಿಗೆ ಒಬ್ಬ ಬಟ್ಟೆ ಹೊಲಿಯುವ ಹೆಂಗಸು, ನಮ್ಮ ಮನೆಯವರೆಲ್ಲ ಹೀಗೇ ಹೋಗುವುದು, ನಾನೂ ಹೀಗೇ ಹೋಗುತ್ತೇನೆ ಅಂದಿದ್ದಳು. ಹಾಗೆಯೇ ಗರ್ಭಕೋಶದ ಕ್ಯಾನ್ಸರಿನಲ್ಲಿ ಹೋದಳು. ವಾರ್ತಿನ್ 1913ರಲ್ಲಿ ಅವಳ ಕುಟುಂಬದ ವಿವರ ಬರೆದರು. 1971ರಲ್ಲಿ ಲಿಂಚ್ ಅದೇ ಕುಟುಂಬವನ್ನು ಮತ್ತೆ ಹಿಡಿದು ಮುಂದಿನ ತಲೆಮಾರುಗಳನ್ನು ಸೇರಿಸಿದರು. ಕಾರಣವಾದ ಜೀನ್ ಎಂಎಸ್‌ಎಚ್2 ಸಿಕ್ಕಿದ್ದು 1993ರಲ್ಲಿ, ಎಂಎಲ್‌ಎಚ್1 ಮರುವರ್ಷ. ಆ ಹೊಲಿಗೆಯ ಹೆಂಗಸಿನ ಕುಟುಂಬದಲ್ಲಿದ್ದದ್ದು ಎಂಎಸ್‌ಎಚ್2ನಲ್ಲಿರುವ ತಪ್ಪು ಅಂತ 2000ದಲ್ಲಿ ಗೊತ್ತಾಯಿತು. ಲಿಂಚ್ ಇದನ್ನೆಲ್ಲ ಕಣ್ಣಾರೆ ಕಂಡು 2019ರಲ್ಲಿ ತೀರಿಕೊಂಡರು.

ನಮ್ಮದೂ ಎಂಎಸ್‌ಎಚ್2. ಪತ್ರಿಕೆಯವರಿಗೆ ಇದನ್ನು ಹೇಳುವುದು ಸುಲಭ. ನಿಮ್ಮಲ್ಲಿ ಕರಡು ತಿದ್ದುವವರು ಇರುತ್ತಾರಲ್ವಾ, ಈ ಜೀನಿನ ಕೆಲಸ ಅದೇ. ಜೀವಕೋಶ ಎರಡಾಗುವಾಗ ಡಿಎನ್‌ಎ ನಕಲಾಗುತ್ತದೆ. ಆಗ ಆಗುವ ಅಕ್ಷರತಪ್ಪುಗಳನ್ನು ಹಿಡಿದು ಸರಿಮಾಡಲು ಎಂಎಸ್‌ಎಚ್2, ಎಂಎಲ್‌ಎಚ್1 ಬೇಕು. ಇವೇ ಕೆಟ್ಟರೆ ತಪ್ಪಿನ ಮೇಲೆ ತಪ್ಪು ಸೇರುತ್ತದೆ. ಕರುಳಿನ ಒಳಪದರ, ಗರ್ಭಕೋಶದ ಒಳಪದರ, ಇಲ್ಲೆಲ್ಲ ಗಡ್ಡೆ ಬೆಳೆಯುವ ಅಪಾಯ ಜಾಸ್ತಿ. ತಂದೆಯಲ್ಲಿದ್ದರೂ ತಾಯಿಯಲ್ಲಿದ್ದರೂ ಮಗನಿಗೂ ಮಗಳಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಅದಕ್ಕೆ ಒಕ್ಕದ ಹೆಸರು ಗೊತ್ತಿಲ್ಲ.

ನನ್ನಲ್ಲೂ ಇದೆ. ಕೊಲೊನೋಸ್ಕೋಪಿ (ಕ್ಯಾಮೆರಾ ನಳಿಕೆ ಹಾಕಿ ದೊಡ್ಡ ಕರುಳು ನೋಡುವುದು) ಮಾಡಿದಾಗ ಎರಡು ಪಾಲಿಪ್, ಅಂದರೆ ಒಳಪದರದ ಸಣ್ಣ ಗಂಟು, ಇದ್ದವು. ಆಮೇಲೆ ಪರದೆಯಲ್ಲಿ ತೋರಿಸಿದರು. ಮೊದಲ ಮಳೆಗೆ ಮಣ್ಣಿನಿಂದ ತಲೆ ಎತ್ತುವ ಅಣಬೆಯ ಮೊಗ್ಗಿನ ಹಾಗೆ, ಅಷ್ಟೇ. ಅಲ್ಲೇ ತೆಗೆದುಹಾಕಿದರು. ಅವು ಇನ್ನೂ ಕ್ಯಾನ್ಸರ್ ಆಗಿರಲಿಲ್ಲ. ಈಗ ವರ್ಷಕ್ಕೊಮ್ಮೆ ಹೋಗಿ ಬರುತ್ತೇನೆ. ತಮ್ಮ ಚೆನ್ನಾಗಿದ್ದಾನೆ, ತೋಟ ನೋಡಿಕೊಳ್ಳುತ್ತಿದ್ದಾನೆ. ನನ್ನ ಮಗನಿಗೆ ಇಲ್ಲ ಅಂತ ಬಂತು. ಮಗಳು ಇನ್ನೂ ಪರೀಕ್ಷೆ ಮಾಡಿಸಿಲ್ಲ, ನಾನು ಒತ್ತಾಯ ಮಾಡುತ್ತಿಲ್ಲ.

1979, 80, 81. ಮೂರು ವರ್ಷದಲ್ಲಿ ಅವ್ವನ ತಾಮನೆಯ ಮೂರು ಮಕ್ಕಳು, ಅವ್ವ, ದೊಡ್ಡಮಾವ, ದೊಡ್ಡಮ್ಮ, ಹೋದಾಗ ಅಲ್ಲಿ ಪ್ರಶ್ನೆ ಇಡಿಸಿದ್ದರು. ನಾಗದೋಷ ಅಂತ ಬಂತು, ಪೂಜೆ ಆಯಿತು. ಅವರನ್ನು ನಾನು ಹಳಿಯುವುದಿಲ್ಲ. ಏನೋ ಸಾಲಾಗಿ ಬರುತ್ತಿದೆ ಅಂತ ಅವರು ಗಮನಿಸಿದ್ದರು. ಆ ಗಮನವೇ ಮುಖ್ಯ. ಬರೆದಿಡಲಿಲ್ಲ, ಅಷ್ಟೇ.

ನಾನು ಕೇಳುವುದು ಇಷ್ಟು. ಪುಸ್ತಕದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಮಕ್ಕಳ ಹೆಸರು ಹಾಕಿ. ಸೊಸೆಯಂದಿರ ತಾಮನೆಯವರನ್ನೂ ಒಂದು ತಲೆಮಾರಾದರೂ ಬರೆಯಿರಿ. ಕಾಯಿಲೆಯ ವಿಷಯ ಅಚ್ಚು ಹಾಕಿಸಬೇಡಿ. ಸಂಬಂಧ ಕೂಡಿಬರುವ ಹೊತ್ತಿಗೆ ಅದನ್ನೇ ಹಿಡಿದು ಮಾತಾಡುವವರು ಇದ್ದಾರೆ, ನನಗೂ ಗೊತ್ತು. ನನ್ನ ಹೆಸರು ಬೇಡ ಅನ್ನುತ್ತಿರುವುದೂ ತಮ್ಮನ ಮಕ್ಕಳಿಗಾಗಿ. ಅದಕ್ಕೆ ಬೇರೆ ನೋಟುಬುಕ್ ಇಡಿ. ಯಾರು, ಯಾವ ವಯಸ್ಸಿಗೆ, ಯಾವ ಅಂಗದ ಕಾಯಿಲೆಯಿಂದ ಹೋದರು ಅಂತ ಬರೆದು ಮನೆಯೊಳಗೇ ಇರಲಿ. ಡಾಕ್ಟರುಗಳಿಗೆ ಒಂದು ಲೆಕ್ಕ ಇದೆ, 1990ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಮಾಡಿದ್ದು: ಹತ್ತಿರದ ರಕ್ತಸಂಬಂಧಿಗಳಲ್ಲಿ ಮೂವರಿಗೆ, ಎರಡು ತಲೆಮಾರಿನಲ್ಲಿ, ಒಬ್ಬರಿಗಾದರೂ 50ರ ಒಳಗೆ ಬಂದಿದ್ದರೆ ವಿಚಾರಿಸಬೇಕು. ಮೊದಲು ಕರುಳಿನದ್ದು ಮಾತ್ರ ಲೆಕ್ಕಕ್ಕಿತ್ತು, 1999ರಲ್ಲಿ ಗರ್ಭಕೋಶದ್ದನ್ನೂ ಸೇರಿಸಿದರು. ಹಾಗಂತ ಎಲ್ಲ ಕ್ಯಾನ್ಸರೂ ವಂಶದಿಂದ ಬರುವುದಲ್ಲ, ನೂರರಲ್ಲಿ ಐದರಿಂದ ಹತ್ತು ಮಾತ್ರ. ಹೊಗೆಸೊಪ್ಪು ಜಗಿಯುವವರು ಇದನ್ನು ನೆಪ ಮಾಡಿಕೊಳ್ಳಬಾರದು.

ಆ ಶೀಟಿನ ಪ್ರತಿ ಮಾಡಿಸಿ ಅಣ್ಣತಮ್ಮಂದಿರು, ಅಕ್ಕತಂಗಿಯರ ಮನೆಗಳಿಗೆ ಕೊಟ್ಟು ಬಂದಿದ್ದೇನೆ. ದೊಡ್ಡಮ್ಮನ ಎರಡನೇ ಮಗಳ ಮನೆ ಮಾತ್ರ ಸಿಕ್ಕಿಲ್ಲ. ಮದುವೆಯಾಗಿ ಸಿದ್ದಾಪುರದ ಕಡೆ ಹೋದವಳು. ತೋಟ ಮಾರಿ ಬೇರೆ ಊರಿಗೆ ಹೋದರು ಅನ್ನುತ್ತಾರೆ. ಈಗ ಅವಳಿಗೆ 58 ಇರಬೇಕು. ನಮ್ಮ ಯಾವ ಪುಸ್ತಕದಲ್ಲೂ ಅವಳ ವಿಳಾಸ ಇಲ್ಲ. ಈ ಪತ್ರ ಅವಳ ಕಣ್ಣಿಗೆ ಬಿದ್ದರೆ ಓದಿದ ಕೂಡಲೇ ಗೊತ್ತಾಗುತ್ತದೆ. ತಂಗೀ, ನಿನ್ನ ಅವ್ವ ಪುತ್ತರಿಗೆ ನಾಲ್ಕು ದಿನ ಇರುವಾಗ ಹೋದದ್ದು, ಆಗ ಅವರಿಗೆ 51. ಡಾಕ್ಟರ ಹತ್ತಿರ ಹೋಗಿ ಇದನ್ನು ಹೇಳು, ಅಜ್ಜನದೂ ಮಾವನದೂ ಹೇಳು. ನಾಪೋಕ್ಲಿನ ಚಿಕ್ಕಮ್ಮನ ಮನೆಯ ಫೋನ್ ನಂಬರ್ ಹಳೆಯದೇ ಇದೆ.

— ನಿವೃತ್ತ ಶಿಕ್ಷಕಿ, ವಿರಾಜಪೇಟೆ ತಾಲ್ಲೂಕು