ಮ್ಯಾರೇಜ್ ಅಲೋಯನ್ಸ್: ಇನ್ನು ಮುಂದೆ ಪತಿ, ಪತ್ನಿ ಇಬ್ಬರಿಗೂ ಪ್ರತ್ಯೇಕ ಕಡತ

ಮಾನ್ಯ ಗ್ರಾಹಕರೇ,

ಬರುವ ಏಪ್ರಿಲ್ 6ರಂದು ಹೊಸ ತೆರಿಗೆ ವರ್ಷ ಆರಂಭವಾಗುವಾಗ ನಮ್ಮ ಕಚೇರಿಯ ಕ್ರಮದಲ್ಲಿ ಒಂದು ಬದಲಾವಣೆ ಜಾರಿಗೆ ಬರಲಿದೆ. ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳ ತೆರಿಗೆ ಕೆಲಸವನ್ನು ಇದುವರೆಗೆ ಮನೆಗೊಂದು ಕಡತ ಎಂಬಂತೆ, ಹೆಚ್ಚಾಗಿ ದೊಡ್ಡ ಸಂಬಳ ತರುವವರ ಹೆಸರಿನಲ್ಲಿ, ನಡೆಸಿಕೊಂಡು ಬಂದಿದ್ದೇವೆ. ಇನ್ನು ಮುಂದೆ ಪತಿಗೂ ಪತ್ನಿಗೂ ಬೇರೆಬೇರೆ ಕಡತ ತೆರೆದು, ಇಬ್ಬರಿಗೂ ಪ್ರತ್ಯೇಕವಾಗಿ ಪತ್ರ ಬರೆದು, ಇಬ್ಬರಿಂದಲೂ ಸಹಿ ಪಡೆಯುತ್ತೇವೆ. ಮ್ಯಾರೇಜ್ ಅಲೋಯನ್ಸ್ (ತೆರಿಗೆಯಿಲ್ಲದ ಮಿತಿಯ ಒಂದು ಭಾಗವನ್ನು ಸಂಗಾತಿಗೆ ವರ್ಗಾಯಿಸುವ ಸೌಲಭ್ಯ) ಅರ್ಜಿಗೆ ಪಡೆಯುತ್ತಿದ್ದ ಶುಲ್ಕವನ್ನೂ ಕೈಬಿಡುತ್ತಿದ್ದೇವೆ. ಸರ್ಕಾರದ ಜಾಲತಾಣದಲ್ಲಿ ಈ ಅರ್ಜಿಯನ್ನು ಯಾರು ಬೇಕಾದರೂ ಉಚಿತವಾಗಿ ಸಲ್ಲಿಸಬಹುದಾಗಿರುವಾಗ ಅದಕ್ಕೆ ಹಣ ಕೇಳುವುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಪ್ರತ್ಯೇಕ ಕಡತಕ್ಕೆ ಕಾರಣ ಕಾನೂನಿನಲ್ಲೇ ಇದೆ. ಇಲ್ಲಿ 1990ರ ಏಪ್ರಿಲ್‌ವರೆಗೆ ಪತ್ನಿಯ ಆದಾಯವನ್ನು ತೆರಿಗೆಯ ಮಟ್ಟಿಗೆ ಪತಿಯ ಆದಾಯವೆಂದೇ ಎಣಿಸಲಾಗುತ್ತಿತ್ತು. ಅಲ್ಲಿಂದೀಚೆಗೆ ಇಬ್ಬರೂ ಸ್ವತಂತ್ರ ತೆರಿಗೆದಾರರು. ಇಬ್ಬರಿಗೂ 12,570 ಪೌಂಡ್‌ಗಳ ಪರ್ಸನಲ್ ಅಲೋಯನ್ಸ್, ಅಂದರೆ ತೆರಿಗೆಯಿಲ್ಲದ ಆದಾಯದ ಮಿತಿ, ಪ್ರತ್ಯೇಕವಾಗಿ ಸಲ್ಲುತ್ತದೆ. ಒಬ್ಬರು ಬಳಸದೆ ಉಳಿಸಿದ ಮಿತಿಯಲ್ಲಿ 1,260 ಪೌಂಡ್‌ಗಳಷ್ಟನ್ನು ಮಾತ್ರ ಸಂಗಾತಿಗೆ ವರ್ಗಾಯಿಸಲು 2015ರಲ್ಲಿ ಆರಂಭವಾದ ಮ್ಯಾರೇಜ್ ಅಲೋಯನ್ಸ್ ಅವಕಾಶ ಕೊಡುತ್ತದೆ. ಅದನ್ನು ಪಡೆದವರ ತೆರಿಗೆ ಅದರ ಶೇ 20ರಷ್ಟು, ಎಂದರೆ ವರ್ಷಕ್ಕೆ 252 ಪೌಂಡ್, ಕಡಿಮೆಯಾಗುತ್ತದೆ. ಕೊಡುವವರು ಕಡಿಮೆ ಆದಾಯದವರಾದ್ದರಿಂದ ಅರ್ಜಿ ಹಾಕಬೇಕಾದವರೂ ಅವರೇ. ನಮ್ಮಲ್ಲಿ ಅನೇಕ ಗೃಹಿಣಿಯರು ಇಂಥ ಕಾಗದ ಕೈಗೆ ಬಂದೊಡನೆ "ಇದನ್ನೆಲ್ಲ ಅವರೇ ನೋಡಿಕೊಳ್ಳುತ್ತಾರೆ" ಎಂದು ಪಕ್ಕಕ್ಕಿಡುತ್ತಾರೆ. ಆದರೆ ಬಿಟ್ಟುಕೊಡುತ್ತಿರುವುದು ಅವರದೇ ಹಕ್ಕಾದ್ದರಿಂದ, ವಿಷಯವನ್ನು ಅವರಿಗೇ ನೇರವಾಗಿ ತಿಳಿಸಿ ಅವರ ಒಪ್ಪಿಗೆ ಪಡೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಇದಕ್ಕೆ ದಂಪತಿಗಳು ವಿವಾಹಿತರಾಗಿರಬೇಕು ಅಥವಾ ಮದುವೆಯಂತೆಯೇ ಕಾನೂನಿನಡಿ ನೋಂದಾಯಿಸಿದ ಸಿವಿಲ್ ಪಾರ್ಟ್‌ನರ್‌ಶಿಪ್‌ನಲ್ಲಿರಬೇಕು. ಜೊತೆಗೆ ವಾಸಿಸಿದರಷ್ಟೇ ಸಾಲದು. ಪಡೆಯುವವರು ಮೂಲ ದರದ ತೆರಿಗೆದಾರರಾಗಿರಬೇಕು, ಅಂದರೆ ಅವರ ಆದಾಯ ಸಾಮಾನ್ಯವಾಗಿ 50,270 ಪೌಂಡ್‌ಗಳನ್ನು, ಸ್ಕಾಟ್ಲೆಂಡ್‌ನಲ್ಲಿ 43,662 ಪೌಂಡ್‌ಗಳನ್ನು, ಮೀರಿರಬಾರದು. ಈ ಗಡಿಯನ್ನು ಸ್ವಲ್ಪವೇ ದಾಟಿದವರು ನಿರಾಶರಾಗುವ ಮೊದಲು ತಾವು ಸ್ವಂತವಾಗಿ ಕಟ್ಟುವ ಪಿಂಚಣಿ ಕಂತುಗಳ ಮತ್ತು ಗಿಫ್ಟ್ ಏಡ್ (ದತ್ತಿಸಂಸ್ಥೆಗಳ ದೇಣಿಗೆಗೆ ತೆರಿಗೆ ರಿಯಾಯಿತಿಯ ಯೋಜನೆ) ಮೂಲಕ ಕೊಟ್ಟ ದೇಣಿಗೆಗಳ ವಿವರವನ್ನು ನಮಗೆ ಕಳುಹಿಸಬೇಕು. ಇವು ಮೂಲ ದರದ ಮಿತಿಯನ್ನು ಹಿಗ್ಗಿಸುವುದರಿಂದ ಅರ್ಹತೆ ಮರಳಿ ದೊರೆಯುವ ಸಂದರ್ಭಗಳಿವೆ.

ಕಡಿಮೆ ಆದಾಯದವರ ಗಳಿಕೆ ಶೂನ್ಯವೇ ಆಗಿರಬೇಕೆಂದಿಲ್ಲ. ಪತ್ನಿ ಶಾಲೆಯೊಂದರಲ್ಲಿ ಅರೆಕಾಲಿಕ ಕೆಲಸ ಮಾಡಿ ವರ್ಷಕ್ಕೆ 12,000 ಪೌಂಡ್ ಗಳಿಸುತ್ತಾರೆಂದು ಇಟ್ಟುಕೊಳ್ಳೋಣ. ವರ್ಗಾವಣೆಯ ನಂತರ ಅವರ ಮಿತಿ 11,310ಕ್ಕೆ ಇಳಿಯುತ್ತದೆ. ಉಳಿದ 690 ಪೌಂಡ್‌ಗೆ ಶೇ 20ರ ದರದಲ್ಲಿ 138 ಪೌಂಡ್ ತೆರಿಗೆ ಬೀಳುತ್ತದೆ. ಪತಿಗೆ 252 ಉಳಿಯುವುದರಿಂದ ಮನೆಗೆ 114 ಪೌಂಡ್ ಲಾಭ ನಿಜ, ಆದರೆ ತೆರಿಗೆ ಕಡಿತವಾಗುವುದು ಪತ್ನಿಯ ಸಂಬಳದಲ್ಲಿ. ಈ ಲೆಕ್ಕವನ್ನು ಇಬ್ಬರೂ ಒಟ್ಟಿಗೆ ಕುಳಿತು ನೋಡಿದ ಮೇಲೆಯೇ ಸಹಿ ಹಾಕಬೇಕೆಂದು ನಮ್ಮ ಆಗ್ರಹ.

ನಮ್ಮ ಗ್ರಾಹಕರು ವಿಶೇಷ ಗಮನ ಕೊಡಬೇಕಾದ್ದು ಊರಿನಲ್ಲಿರುವ ಆದಾಯಕ್ಕೆ. ಬೆಂಗಳೂರಿನ ಮನೆಯ ಬಾಡಿಗೆ, ಬ್ಯಾಂಕಿನ ಎಫ್‌ಡಿ ಬಡ್ಡಿ, ಎನ್‌ಆರ್‌ಇ (ಅನಿವಾಸಿ ಭಾರತೀಯರ ಬ್ಯಾಂಕ್ ಖಾತೆ) ಠೇವಣಿಯ ಬಡ್ಡಿ, ಇವೆಲ್ಲವೂ ಬ್ರಿಟನ್ನಿನ ನಿವಾಸಿಯ ಆದಾಯದ ಲೆಕ್ಕಕ್ಕೆ ಸೇರುತ್ತವೆ. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲವೆಂದ ಮಾತ್ರಕ್ಕೆ ಇಲ್ಲಿಯೂ ಇಲ್ಲವೆಂದು ಭಾವಿಸಬಾರದು. 2025ರ ಏಪ್ರಿಲ್‌ನಿಂದ, ಕನಿಷ್ಠ 10 ವರ್ಷ ಹೊರದೇಶದ ನಿವಾಸಿಗಳಾಗಿದ್ದು ಇಲ್ಲಿಗೆ ಬಂದವರು ಮೊದಲ 4 ವರ್ಷ ತಮ್ಮ ವಿದೇಶಿ ಆದಾಯಕ್ಕೆ ವಿನಾಯಿತಿ ಕೋರಬಹುದು. ಆದರೆ ಅದನ್ನು ಕೋರಿದ ವರ್ಷ ಅವರ ಪರ್ಸನಲ್ ಅಲೋಯನ್ಸ್ ಕೈತಪ್ಪುತ್ತದೆ. ಮ್ಯಾರೇಜ್ ಅಲೋಯನ್ಸ್ ಕೂಡ ಅದರೊಂದಿಗೇ ಹೋಗುತ್ತದೆ. ಅಲ್ಪ ಬಡ್ಡಿಯನ್ನು ಉಳಿಸಲು ಹೋಗಿ ದೊಡ್ಡ ವಿನಾಯಿತಿಯನ್ನು ಕಳೆದುಕೊಳ್ಳದಂತೆ, ಆ ಕೋರಿಕೆ ಸಲ್ಲಿಸುವ ಮೊದಲು ದಯವಿಟ್ಟು ನಮ್ಮೊಂದಿಗೆ ಮಾತನಾಡಿ. ಸಂಗಾತಿ ವರ್ಷದ ಬಹುಭಾಗ ಭಾರತದಲ್ಲೇ ಇದ್ದಲ್ಲಿ ಮೊದಲು ಅವರ ನಿವಾಸದ ಸ್ಥಿತಿ ನಿರ್ಧಾರವಾಗಬೇಕಾದ್ದರಿಂದ, ಅಂಥವರು ಪ್ರಯಾಣದ ದಿನಾಂಕಗಳನ್ನು ಪತ್ರದೊಂದಿಗೆ ಕಳುಹಿಸಬೇಕು.

ಅರ್ಹತೆಯಿದ್ದೂ ಕೇಳದವರು ಹಿಂದಿನ 4 ತೆರಿಗೆ ವರ್ಷಗಳಿಗೂ ಅರ್ಜಿ ಹಾಕಬಹುದು. ಪ್ರತಿ ಏಪ್ರಿಲ್ 5 ಕಳೆದಂತೆ ಅತಿ ಹಳೆಯ ವರ್ಷವೊಂದು ಕೈಜಾರುವುದರಿಂದ ತಡ ಮಾಡುವುದು ಬೇಡ. ಸಂಗಾತಿಯನ್ನು ಕಳೆದುಕೊಂಡವರಿಗೂ ಈ ಅವಧಿಯೊಳಗಿನ ವರ್ಷಗಳಿಗೆ ಹಕ್ಕು ಉಳಿದಿರುತ್ತದೆ. ಅವರ ಪರವಾಗಿ ಕಾಗದಪತ್ರಗಳನ್ನೆಲ್ಲ ನಾವೇ ಸಿದ್ಧಪಡಿಸಿಕೊಡುತ್ತೇವೆ. ಮರುಪಾವತಿಯ ಹಣ ನಮ್ಮ ಖಾತೆಗೆ ಬರುವುದಿಲ್ಲ, ತೆರಿಗೆ ಕಟ್ಟಿದವರಿಗೇ ನೇರವಾಗಿ ಹೋಗುತ್ತದೆ. ಇಬ್ಬರಲ್ಲಿ ಒಬ್ಬರು 1935ರ ಏಪ್ರಿಲ್ 6ಕ್ಕಿಂತ ಮೊದಲು ಹುಟ್ಟಿದವರಾಗಿದ್ದರೆ ಅನ್ವಯಿಸುವುದು ಬೇರೆಯೇ ಆದ, ಸಾಮಾನ್ಯವಾಗಿ ಹೆಚ್ಚು ಲಾಭದ, ಮ್ಯಾರೀಡ್ ಕಪಲ್ಸ್ ಅಲೋಯನ್ಸ್. ಎರಡನ್ನೂ ಒಟ್ಟಿಗೆ ಪಡೆಯಲಾಗದು.

ಒಮ್ಮೆ ಮಂಜೂರಾದ ಮೇಲೆ ವರ್ಗಾವಣೆ ವರ್ಷವರ್ಷವೂ ತಾನಾಗಿಯೇ ಮುಂದುವರಿಯುತ್ತದೆ. ಸಂಬಳದಿಂದ ಎಷ್ಟು ತೆರಿಗೆ ಕಡಿಯಬೇಕೆಂದು ಸೂಚಿಸುವ, ಕೊಟ್ಟವರ ಟ್ಯಾಕ್ಸ್ ಕೋಡ್‌ನ ಕೊನೆಯಲ್ಲಿ ಎನ್, ಪಡೆದವರದರಲ್ಲಿ ಎಂ ಅಕ್ಷರ ಕಾಣುತ್ತದೆ. ನಿಮ್ಮ ಸಂಬಳದ ಚೀಟಿಯಲ್ಲಿ ಈಗಾಗಲೇ ಇವು ಇವೆಯೇ ಎಂದು ಇಂದೇ ನೋಡಬಹುದು. ಬಡ್ತಿಯಿಂದ ಆದಾಯ ಗಡಿ ದಾಟಿದರೆ, ಅಥವಾ ವಿಚ್ಛೇದನವಾದರೆ, ತಕ್ಷಣ ತಿಳಿಸಿ. ಸುಮ್ಮನಿದ್ದರೆ ಬ್ರಿಟನ್ನಿನ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿ ಆ ಮೊತ್ತವನ್ನು ಮುಂದೆ ವಸೂಲಿ ಮಾಡುತ್ತದೆ.

ಈ ಪತ್ರದೊಂದಿಗೆ ಎರಡು ಒಪ್ಪಿಗೆ ಪತ್ರಗಳಿವೆ. ಪ್ರತಿಯೊಬ್ಬರೂ ತಮ್ಮದನ್ನು ತಾವೇ ಓದಿ, ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ತುಂಬಿ, ಮಾರ್ಚ್ ಮುಗಿಯುವುದರೊಳಗೆ ಕಚೇರಿಗೆ ತಲುಪಿಸಬೇಕೆಂದು ಕೋರುತ್ತೇವೆ. ಕನ್ನಡದಲ್ಲೇ ವಿವರಣೆ ಬೇಕೆನ್ನುವವರು ಕರೆ ಮಾಡಿದರೆ ಸಮಯ ಗೊತ್ತುಮಾಡಿಕೊಡುತ್ತೇವೆ.

ವಂದನೆಗಳೊಂದಿಗೆ,
ಕಚೇರಿಯ ಪಾಲುದಾರರು