ದಾರಿಯೇ ಇರಲಿಲ್ಲ ಅಂದವರಲ್ಲಿ ನಾನೂ ಒಬ್ಬ

ಕಲಬುರಗಿ

ಚಿ. ಮಗಳಿಗೆ ನಿನ್ನ ಕಾಕಾನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಹನ್ನೆರಡು ದಿನ ಆಯಿತು. ಮೂರು ಸಲ ಉತ್ತರ ಬರೆಯಲು ಕೂತು ಎದ್ದಿದ್ದೇನೆ. ಮನೆ ಸುದ್ದಿ, ತೊಗರಿ ಸುದ್ದಿ ಎಲ್ಲ ನಿಮ್ಮವ್ವ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನೀನು ಬ್ಯಾಂಕ್ ಪರೀಕ್ಷೆ ಬಿಟ್ಟು ಕಯಾಕ್ ದೋಣಿ ಹಿಡಿದಾಗ ಮನೆಯಲ್ಲಿ ಆದ ಜಗಳವನ್ನೂ ಬಿಡುತ್ತೇನೆ.

ನನ್ನನ್ನು ಸುಮ್ಮನೆ ಕೂರಲು ಬಿಡದ್ದು ಮೂರನೇ ಪುಟದ ಒಂದು ಮಾತು. ಗಣೇಶಗುಡಿಯ ಕೆಳಗೆ ನೀವು ಕಾಳಿ ನದಿಗೆ ಇಳಿಯುತ್ತಿದ್ದ ಕಾಲುದಾರಿಗೆ ಗೇಟು ಬಿದ್ದಿದೆ, ಕೇಳಿದರೆ "ಇಲ್ಲಿ ಯಾವತ್ತೂ ದಾರಿಯೇ ಇರಲಿಲ್ಲ" ಅಂತಾರೆ ಎಂದು ಬರೆದಿದ್ದೀಯ. ಅದರ ಕೆಳಗೆ ಬೇರೆ ಇಂಕಿನಲ್ಲಿ, "ಕಾಕಾ, ಇನ್ನೆರಡು ವರ್ಷ ಎಲ್ಲರೂ ಹಾಗೇ ಅಂದರೆ ನನಗೂ ಅದು ಖರೆ ಅನ್ನಿಸಿಬಿಡುತ್ತೇನೋ ಅಂತ ಹೆದರಿಕೆ" ಅಂದಿದ್ದೀಯ. ರಾತ್ರಿ ಎದ್ದು ಬರೆದಿರಬೇಕು ಅಲ್ವಾ?

ಹಾಗೇನೂ ಆಗಲ್ಲ ಹುಚ್ಚಿ ಅಂತ ಬರೆಯೋಣ ಎಂದೇ ಮೊದಲ ಸಲ ಕೂತೆ. ಆಗಲಿಲ್ಲ. ಯಾಕೆಂದರೆ ಹಾಗೆ ಅನ್ನಿಸಿಬಿಡುತ್ತೆ. ನನಗೆ ಅನ್ನಿಸಿತ್ತು.

ನಮ್ಮೂರಿನ ಹೊಳೆ ದಾರಿ ನಿನಗೆ ಗೊತ್ತಿಲ್ಲ. ನೀನು ಹುಟ್ಟುವ ಹೊತ್ತಿಗೆ ಅದು ಇರಲಿಲ್ಲ. ನೋಡು, ಈಗಲೂ ನನ್ನ ಕೈ ಹಾಗೇ ಬರೆಯುತ್ತೆ. ಇತ್ತು. ಅದರ ಮೇಲೆ ಯಾರೂ ನಡೆಯುತ್ತಿರಲಿಲ್ಲ, ಅಷ್ಟೇ. ಹಣಮಂದೇವರ ಗುಡಿಯಿಂದ ಇಳಿದು, ಹುಣಸೆಮರ ಬಳಸಿ, ಎರಡು ಹೊಲದ ನಡುವೆ ಹೋಗುತ್ತಿತ್ತು. ಎರಡೂ ಬದಿ ಜಾಲಿ. ಎಮ್ಮೆಗಳು ನಡೆದೂ ನಡೆದೂ ನಡುವೆ ತಗ್ಗು ಬಿದ್ದಿತ್ತು. ಕೊನೆಗೆ ಕಾಗಿಣಾ. ಅಲ್ಲಿ ಹೊಳೆಯ ತಳವೆಲ್ಲ ಫರಸಿ. ಶಹಾಬಾದಿ ಕಲ್ಲು ಅಂತ ಊರೂರಿಗೆ ಹೋಗುತ್ತಲ್ಲ, ಅದೇ ಕಲ್ಲು, ಪದರ ಪದರವಾಗಿ ಮೆಟ್ಟಿಲು ಇಟ್ಟ ಹಾಗೆ. ಬೇಸಿಗೆಯಲ್ಲಿ ಹೆಂಗಸರು ಅದರ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ಮಳೆಗಾಲದಲ್ಲಿ ಅದೇ ಮೆಟ್ಟಿಲ ಮೇಲೆ ಹೊಸ ನೀರು ನೊರೆ ಎಬ್ಬಿಸಿಕೊಂಡು ಬೀಳುತ್ತಿತ್ತು. ಸದ್ದು ಗುಡಿಯ ವರೆಗೂ ಕೇಳುತ್ತಿತ್ತು.

ಅಲ್ಲೊಬ್ಬ ಅಂಬಿಗ ಇದ್ದ. ಬಿದಿರು ಹೆಣೆದ ಹರಿಗೋಲು, ಕೆಳಗೆ ಎಮ್ಮೆ ಚರ್ಮ. ನಾನು ಏಳನೇ ಇಯತ್ತೆಗೆ ಬರುವ ಹೊತ್ತಿಗೆ ಚರ್ಮ ಹೋಗಿ ಡಾಂಬರು ಬಳಿದ ತಟ್ಟು ಬಂದಿತ್ತು. ಆ ವರ್ಷ ಶ್ರಾವಣದಲ್ಲಿ ಅವನು ದಂಡೆಯಿಂದ ಹೊರಟವನು ಸೆಳವು ಜಾಸ್ತಿಯಾಗಿ ಕೆಳಕ್ಕೆ ಸರಿದುಬಿಟ್ಟ. ಒಳಗೆ ನಾನು, ಒಂದು ಮೇಕೆ, ಜೋಳದ ಚೀಲ. ಹರಿಗೋಲು ಎರಡು ಸುತ್ತು ತಿರುಗಿ, ಮೊದಲ ಮೆಟ್ಟಿಲು ಇಳಿದು, ಎರಡನೆಯದು ಇಳಿದು, ಮಡುವಿಗೆ ಬಂದು ನಿಂತಿತು. ಅವನು ಹುಟ್ಟನ್ನು ನೀರಿಗೆ ಹಾಕಿಯೇ ಇರಲಿಲ್ಲ. ತೊಡೆ ಮೇಲೆ ಇಟ್ಟುಕೊಂಡು ನಗುತ್ತಿದ್ದ. ನೀವು ಹೊಳೆಯ ಸೆಳವಿಗೆ ಒಂದರಿಂದ ಆರರ ವರೆಗೆ ಗ್ರೇಡ್ ಹಾಕುತ್ತೀರಲ್ಲ, ಆ ಲೆಕ್ಕದಲ್ಲಿ ಅದು ಎರಡೂ ಆಗಲಿಕ್ಕಿಲ್ಲ. ನನಗೆ ಮಾತ್ರ ಅದು ಆರು. ಮೇಕೆಗೆ ಎಷ್ಟೋ ಗೊತ್ತಿಲ್ಲ.

ಇದನ್ನು ನಿಮ್ಮಪ್ಪನಿಗೂ ಹೇಳಿರಲಿಲ್ಲ. ಹೇಳಿದ್ದರೆ ನಿನ್ನ ಜಗಳ ಅರ್ಧಕ್ಕೆ ಮುಗಿಯುತ್ತಿತ್ತೇನೋ. ಕ್ಷಮಿಸು.

ಈಗ ಆ ದಾರಿಯ ವಿಷಯ. 1989ರ ಬೇಸಿಗೆ. ಎರಡೂ ಹೊಲಗಳನ್ನು ಒಬ್ಬ ಕಂಟ್ರಾಕ್ಟರ್ ಕೊಂಡು ತಂತಿ ಬೇಲಿ ಹಾಕಿದ. ಅಂಬಿಗನೂ ಇಬ್ಬರು ಹೆಂಗಸರೂ ಅರ್ಜಿ ಕೊಟ್ಟರು. ಒಬ್ಬ ಅಧಿಕಾರಿ ಸ್ಥಳ ನೋಡಲು ಬಂದರು. ಅಷ್ಟರಲ್ಲಿ ಟ್ರ್ಯಾಕ್ಟರ್ ಓಡಿಸಿ ದಾರಿಯನ್ನು ಉತ್ತುಬಿಟ್ಟಿದ್ದರು. ನೋಡಲು ಬರೀ ಕರಿಮಣ್ಣು, ತಿರುವಿ ಹಾಕಿದ ಹೆಂಟೆಗಳು. ಹುಣಸೆಮರದ ಕೆಳಗೆ ಕೂತು ಪಂಚನಾಮೆ ಬರೆದರು. "ಸ್ಥಳದಲ್ಲಿ ದಾರಿ ಇದ್ದ ಕುರುಹು ಕಂಡುಬಂದಿಲ್ಲ. ಇಲ್ಲಿ ದಾರಿ ಇತ್ತೆಂದು ಪಂಚರಾದ ನಮಗೆ ತಿಳಿದಿಲ್ಲ." ಐದು ಜನ ಪಂಚರು. ನಾಲ್ವರದು ಹೆಬ್ಬೆಟ್ಟು. ನನ್ನದು ಮಾತ್ರ ಸಹಿ, ಫೌಂಟನ್ ಪೆನ್ನಿನಲ್ಲಿ, ಕೆಳಗೆ "ಶಿಕ್ಷಕರು" ಅಂತ ಬೇರೆ.

ಯಾಕೆ ಹಾಕಿದೆ ಅಂತ ಕೇಳುತ್ತೀಯ. ಆ ಕಂಟ್ರಾಕ್ಟರ್ ಹಿಂದಿನ ವರ್ಷ ನಮ್ಮ ಶಾಲೆಯ ಎರಡು ಕೋಣೆಗೆ ಫರಸಿ ಹಾಸಿಕೊಟ್ಟಿದ್ದ. ಮಕ್ಕಳು ಧೂಳಿನಲ್ಲಿ ಕೂರುವುದು ತಪ್ಪಿತ್ತು. ಮೇ ತಿಂಗಳ ಬಿಸಿಲಿನಲ್ಲಿ ಅದರ ಮೇಲೆ ಅಂಗೈ ಇಟ್ಟರೆ ತಣ್ಣಗೆ ಇರುತ್ತಿತ್ತು. ಇದೇ ಕಾರಣ ಅಂತ ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ಪೂರ್ತಿ ಖರೆ ಅಲ್ಲ. ಅಧಿಕಾರಿ ಮುಂದೆ, ಅಷ್ಟು ಜನರ ಮುಂದೆ, "ಇತ್ತು ಸಾಹೇಬರೇ, ನಾನೇ ನಡೆದಿದ್ದೇನೆ" ಅನ್ನಲು ಬಾಯಿ ಬರಲಿಲ್ಲ. ಅಂಬಿಗ ಬೇಲಿಯಾಚೆ ನಿಂತಿದ್ದ. ನನ್ನನ್ನು ಬೈಯಲಿಲ್ಲ. ಮರುವರ್ಷ ಹೆಂಡತಿ ಮಕ್ಕಳ ಸಮೇತ ಮುಂಬೈಗೆ ಕಟ್ಟಡ ಕೆಲಸಕ್ಕೆ ಹೋದ.

ನಿನ್ನ ಹೆದರಿಕೆ ಇರುವುದು ಇದರ ಮುಂದಿನ ಭಾಗದಲ್ಲಿ. ಸಹಿ ಹಾಕಿದ ದಿನ ಅದು ಸುಳ್ಳು ಅಂತ ನನಗೆ ಗೊತ್ತಿತ್ತು. ಐದಾರು ವರ್ಷದ ಮೇಲೆ ಗೊತ್ತಿರಲಿಲ್ಲ. ಹೊಸ ಮಾಸ್ತರರು ಬಂದು ಹೊಳೆಗೆ ಹೇಗೆ ಹೋಗುವುದು ಅಂದರೆ, "ಈ ಕಡೆ ದಾರಿ ಇಲ್ಲ, ಸೇತುವೆ ಮೇಲಿಂದ ಸುತ್ತಿ ಹೋಗಬೇಕು, ಮೊದಲಿಂದಲೂ ಹಾಗೇ" ಅನ್ನುತ್ತಿದ್ದೆ. ನಾಲಗೆ ತಡವರಿಸುತ್ತಲೂ ಇರಲಿಲ್ಲ. ಒಂದು ದಿನ ನಿಮ್ಮ ಕಾಕಿ ರೊಟ್ಟಿ ಬಡಿಯುತ್ತಾ ಒಳಗಿಂದಲೇ ಕೇಳಿದಳು: "ಹಾಗಾದರೆ ಮದುವೆಯಾದ ವರ್ಷ ನಾನು ಗಂಗಾಪೂಜೆಗೆ ಎಲ್ಲಿಂದ ಹೋಗಿದ್ದೆ?" ರೊಟ್ಟಿ ಬಡಿಯುವ ಸದ್ದು ನಿಲ್ಲಲಿಲ್ಲ. ನಾನು ಪೇಪರ್ ಮುಖಕ್ಕೆ ಹಿಡಿದುಕೊಂಡೆ.

ಅದಕ್ಕೇ ನಿನ್ನ ಕಾಗದದ ಇನ್ನೊಂದು ಮಾತು ನನಗೆ ಚುಚ್ಚಿತು. ನೀನು ಅದನ್ನು ಒಳ್ಳೆ ಸುದ್ದಿ ಅಂತ ಬರೆದಿದ್ದೀಯ. ಗೇಟಿನವರು ನಿಮಗೆ ಪಾಸು ಕೊಡುತ್ತಾರಂತೆ. "ಮಾಲೀಕರ ಅನುಮತಿ ಮೇರೆಗೆ ಈ ದಾರಿಯನ್ನು ಬಳಸುತ್ತಿದ್ದೇವೆ" ಅಂತ ಒಂದು ಹಾಳೆಗೆ ಎಲ್ಲರೂ ಸಹಿ ಹಾಕಬೇಕಂತೆ.

ತಡಿ. ಹಾಕಬೇಡ. ಕನಿಷ್ಠ ಯಾರಾದರೂ ವಕೀಲರಿಗೆ ತೋರಿಸುವ ವರೆಗೆ ಹಾಕಬೇಡ. ಇಲ್ಲಿ ನನ್ನ ವಕೀಲ ಗೆಳೆಯನನ್ನು ಕೇಳಿದೆ. 1882ರ ಈಸ್‌ಮೆಂಟ್ ಕಾಯ್ದೆ ಅಂತ ಇದೆ. ಇನ್ನೊಬ್ಬರ ಜಮೀನಿನಲ್ಲಿ 20 ವರ್ಷ ಎಲ್ಲರಿಗೂ ಕಾಣುವ ಹಾಗೆ, ತಡೆಯಿಲ್ಲದೆ, ನಮ್ಮ ಹಕ್ಕು ಅಂತ ನಡೆದಿದ್ದರೆ ಆ ದಾರಿಯ ಹಕ್ಕು ಗಟ್ಟಿಯಾಗುತ್ತೆ. ಅಪ್ಪಣೆ ಕೇಳಿ ನಡೆದದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ನೀವು ಹೋಗಿದ್ದು ಐದಾರು ವರ್ಷ ಇರಬಹುದು. ಅಲ್ಲಿ ಮೀನು ಹಿಡಿಯುವವರು, ದನ ನೀರಿಗೆ ಬಿಡುವವರು ಎಷ್ಟು ವರ್ಷದಿಂದ ನಡೆದಿದ್ದಾರೆ? ನಿಮ್ಮ ಆ ಒಂದು ಹಾಳೆ ನಾಳೆ ಅವರ ವಿರುದ್ಧವೂ ಓದಿಸಿಕೊಳ್ಳಬಹುದು.

ಇದನ್ನು ಹೇಳಲು ನಾನು ಯಾರು, ಅಲ್ವಾ? ನಿನಗೆ ಸೀಸನ್ ಹೋಗುತ್ತೆ, ಹೊಟ್ಟೆಪಾಡೂ ಅದೇ. ಸಹಿ ಹಾಕಲೇಬೇಕಾಗಿ ಬಂದರೆ ಹಾಕು, ನಾನೇನೂ ಅನ್ನುವುದಿಲ್ಲ. ಆದರೆ ಆ ದಿನವೇ ಒಂದು ನೋಟ್‌ಬುಕ್ಕಿನಲ್ಲಿ ನಿನ್ನ ಕೈಯಾರೆ ಬರೆದಿಡು: ಈ ದಾರಿ ಇತ್ತು, ಇಂಥ ದಿನದಿಂದ ನಾನು ನಡೆದೆ, ಇಂಥ ಮರದ ಪಕ್ಕದಲ್ಲಿ ತಿರುಗುತ್ತಿತ್ತು ಅಂತ. ಹಳೆ ಫೋಟೊಗಳು ಮೊಬೈಲಿನಲ್ಲಿ ಇರುತ್ತವಲ್ಲ, ತಾರೀಖು ಸಮೇತ ತೆಗೆದಿಡು. ನಿನಗೆ ಮರೆವು ಬರುತ್ತೆ ಅಂತಲ್ಲ. ನನಗೆ ಬಂತಲ್ಲ, ಅದಕ್ಕೆ.

ಸ್ಕಾಟ್ಲೆಂಡಿನಲ್ಲಿ 2003ರ ಕಾನೂನಿನ ಪ್ರಕಾರ ಜವಾಬ್ದಾರಿಯಿಂದ ನಡೆದುಕೊಂಡರೆ ಹೊಳೆ ಕೆರೆಗೆ ಯಾರು ಬೇಕಾದರೂ ದೋಣಿ ಇಳಿಸಬಹುದು ಅಂತ ಬರೆದಿದ್ದೀಯ. ಓದಿ ಹೊಟ್ಟೆಕಿಚ್ಚಾಯಿತು. ನಮ್ಮಲ್ಲಿ ಅಷ್ಟು ನೇರ ಇಲ್ಲ. ಹಾಗಂತ ಏನೂ ಇಲ್ಲ ಅಂತಲೂ ಅಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ನೋಡು. ಸಾರ್ವಜನಿಕ ದಾರಿ, ಹೊಳೆ ಹಳ್ಳದ ತಳ, ಇವೆಲ್ಲ ಬೇರೆಯವರ ಸ್ವತ್ತು ಅಲ್ಲದಿದ್ದರೆ ಸರ್ಕಾರದ್ದು. ನೀರಿನ ಕೆಳಗಿನ ಕಲ್ಲು ಗೇಟಿನವನದ್ದು ಆಗುವುದು ಕಷ್ಟ. ಜಗಳವೆಲ್ಲ ಕಲ್ಲಿನ ವರೆಗೆ ಹೋಗುವ ನೂರು ಗಜದ್ದು. ಮೊಬೈಲಿನಲ್ಲಿ ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್ ಹಾಕಿಕೊಂಡು ಗೇಟಿನ ಮುಂದೆ ನಿಂತರೆ ಸರ್ವೆ ನಂಬರು ಬರುತ್ತೆ. ಪಹಣಿ ತೆಗೆಸಿ ಖರಾಬು ಕಾಲಂ ನೋಡು. 'ಅ' ಖರಾಬು ಅಂದರೆ ಸುಮ್ನೆ ಉಳಲು ಬಾರದ ಜಾಗ. 'ಬ' ಖರಾಬು ಅಂದರೆ ದಾರಿ, ಹಳ್ಳ ಅಂತ ಸಾರ್ವಜನಿಕರಿಗೆ ಬಿಟ್ಟದ್ದು. ಅರಣ್ಯದ ಜಾಗವಾದರೆ ಮಾತ್ರ ಲೆಕ್ಕ ಬೇರೆ, ಅಲ್ಲಿ ನನ್ನ ಬುದ್ಧಿ ಓಡುವುದಿಲ್ಲ.

ಗೇಟಿನವರು "ನಿಮ್ಮ ಜೀವ ಉಳಿಯಲಿ ಅಂತಲೇ ಮುಚ್ಚಿದ್ದೇವೆ" ಅಂದರಂತೆ. ಅದನ್ನು ಪೂರ್ತಿ ನಗೆಯಾಡಬೇಡ. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯಲ್ಲಿ, ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಹೈದರಾಬಾದಿನ 24 ವಿದ್ಯಾರ್ಥಿಗಳು ಕೊಚ್ಚಿಹೋದರು. ಬಂಡೆಗಳ ಮೇಲೆ ಫೋಟೊ ತೆಗೆದುಕೊಳ್ಳುತ್ತಾ ನಿಂತಿದ್ದ ಮಕ್ಕಳು. ಹೈದರಾಬಾದ್ ನಮಗೆ ಪಕ್ಕದ ಮನೆ ಇದ್ದ ಹಾಗೆ, ವಾರವಿಡೀ ಇಲ್ಲಿ ಬೇರೆ ಮಾತಿರಲಿಲ್ಲ. ನಿಮ್ಮ ಕಾಳಿಯೂ ಸೂಪಾ ಅಣೆಕಟ್ಟಿನಿಂದ ಬಿಟ್ಟ ನೀರಿನ ಮೇಲೆ ಓಡುವ ಹೊಳೆ. ನೀರು ಯಾವಾಗ ಬಿಡುತ್ತಾರೆ ಅಂತ ದಂಡೆಯವರಿಗೆಲ್ಲ ತಿಳಿಯಬೇಕು. ಗೇಟಿನ ಜೊತೆಗೆ ಅದನ್ನೂ ಕೇಳಿ. ಉತ್ತರಾಖಂಡದಲ್ಲಿ 2018ರಲ್ಲಿ ನಿಯಮ ಮಾಡುವ ವರೆಗೆ ರಾಫ್ಟಿಂಗ್ ಬೇಡ ಅಂತ ಹೈಕೋರ್ಟೇ ನಿಲ್ಲಿಸಿತ್ತು. ಯಾರೋ ನಾಲ್ಕು ಜನ ಲೈಫ್ ಜಾಕೆಟ್ ಇಲ್ಲದೆ ಇಳಿದರೆ ಬೀಗ ಎಲ್ಲರಿಗೂ ಬೀಳುತ್ತೆ.

ಅದೇ ಬಿಯಾಸ್ ನದಿಯದ್ದೇ ಇನ್ನೊಂದು ಕಥೆ. ಮನಾಲಿ ಹತ್ತಿರ ಒಂದು ರೆಸಾರ್ಟಿನವರು ತಮ್ಮ ಜಾಗ ಉಳಿಸಿಕೊಳ್ಳಲು ಹೊಳೆಯನ್ನೇ ತಿರುಗಿಸಲು ಹೋದರು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ನದಿಗಳನ್ನು ಸರ್ಕಾರ ಜನರ ಪರವಾಗಿ ಇಟ್ಟುಕೊಂಡಿರುವುದು, ಖಾಸಗಿಯವರ ಲಾಭಕ್ಕೆ ಬಿಟ್ಟುಕೊಡುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಗೆಳೆಯ ಇದನ್ನು ಹೇಳಿದಾಗ ನಾನು ವರ್ಷ ಎಣಿಸಿದೆ. ನನ್ನ ಪಂಚನಾಮೆಗೆ ಆಗ ಏಳು ವರ್ಷ. ಇನ್ನೂ ತಡ ಆಗಿರಲಿಲ್ಲ.

ಇನ್ನೊಂದು ಮಾತು, ನೀನು ಕೇಳಿಲ್ಲ. ಬ್ಯಾರೇಜಿನ ಕೆಳಗೆ ಇಳಿಯಬೇಡ. ನಮ್ಮ ಕಡೆ ಭೀಮೆಗೂ ಕಾಗಿಣೆಗೂ ಬ್ರಿಜ್ ಕಂ ಬ್ಯಾರೇಜು ಆಗಿವೆ. ನೋಡಲು ಸೊಂಟದೆತ್ತರದ ನೀರು ಬೀಳುತ್ತಿರುತ್ತೆ, ಬಹಳ ಸಾಧು. ಒಮ್ಮೆ ಈಜುವವರ ಕೈ ತಪ್ಪಿದ ಒಣ ಸೋರೆಬುರುಡೆ ಅದರ ಕೆಳಗೆ ಸಿಕ್ಕಿಕೊಂಡಿತ್ತು. ಮುಳುಗುವುದು, ಮೂರು ಮಾರು ಆಚೆ ಏಳುವುದು, ಹಿಂದಕ್ಕೆ ಗೋಡೆಯ ಕಡೆಗೇ ತೇಲಿ ಬರುವುದು, ಮತ್ತೆ ಮುಳುಗುವುದು. ಮಧ್ಯಾಹ್ನ ಊಟಕ್ಕೆ ಹೋಗುವಾಗ ನೋಡಿದ್ದೆ, ಸಂಜೆಯೂ ಅಲ್ಲೇ ಇತ್ತು. ನಿನಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತೆ. ಆದರೂ ಬರೆದೆ.

ಅಧಿಕಾರಿಗಳ ಹತ್ತಿರ ಹೋಗುವಾಗ ನೀವು ದೋಣಿಯವರು ಮಾತ್ರ ಹೋಗಬೇಡಿ. "ಆಟ ಆಡುವವರು" ಅಂತ ಹೇಳಿ ಕಳಿಸುತ್ತಾರೆ. ಹೆಲ್ಮೆಟ್ ಹಾಕಿದ ನಾಲ್ಕು ಹುಡುಗರ ಜೊತೆ ಮೀನಿನ ಬುಟ್ಟಿ ಹೊತ್ತ ಒಬ್ಬ ಅಜ್ಜಿ ಇರಲಿ. ಅವಳು ಮೊದಲು ಮಾತಾಡಲಿ. ಗೇಟು ಕಾಯುವವನ ಮೇಲೆ ಮಾತ್ರ ಕೂಗಾಡಬೇಡ, ಅವನೂ ಸಂಬಳದವನು.

ಇನ್ನು ನನ್ನ ಎರಡನೇ ತಪ್ಪು. ರಿಟೈರ್ ಆದ ಮೇಲೆ ಹೊಲದ ಪಾಲಿನ ಕೆಲಸಕ್ಕೆ ಸರ್ವೆ ಕಚೇರಿಗೆ ಹೋಗಿದ್ದೆ. ಊರ ನಕಾಶೆಯನ್ನು ಮೇಜಿನ ಮೇಲೆ ಹರಡಿದರು. ಮಡಿಕೆಯಲ್ಲೆಲ್ಲ ಹರಿದಿತ್ತು. ನನ್ನ ಕಣ್ಣು ನಮ್ಮ ಹೊಲ ಬಿಟ್ಟು ಗುಡಿಯ ಕಡೆ ಹೋಯಿತು. ಗುಡಿಯಿಂದ ಕಾಗಿಣೆಯ ವರೆಗೆ ಸಣ್ಣ ಸಣ್ಣ ಚುಕ್ಕಿಗಳು, ಇರುವೆ ಸಾಲು ಹೋದ ಹಾಗೆ. ಕಾಲುದಾರಿಯ ಗುರುತು. ನಾನು ಸಹಿ ಹಾಕಿದ ದಿನವೂ ಅದು ಅದೇ ಕಚೇರಿಯ ಕಪಾಟಿನಲ್ಲಿತ್ತು. ಯಾರೂ ತೆಗೆದು ನೋಡಿರಲಿಲ್ಲ. ನಾನು ಝೆರಾಕ್ಸ್ ಮಾಡಿಸಿದೆ. ಮನೆಗೆ ತಂದು ಟ್ರಂಕಿನಲ್ಲಿ ಇಟ್ಟೆ. ಅಷ್ಟೇ ಮಾಡಿದ್ದು. ಅಲ್ಲಿಗೂ ಹದಿನಾಲ್ಕು ವರ್ಷ ಆಯಿತು.

ನಿನ್ನ ಕಾಗದ ಬಂದ ಮೇಲೆ ಟ್ರಂಕು ತೆಗೆದೆ. ನಿಮ್ಮ ದಾರಿಗೂ ಇಂಥ ಚುಕ್ಕಿಗಳು ಇದ್ದಾವು, ನಕಾಶೆ ತೆಗೆಸು. ನಾನೂ ಒಂದು ಹಾಳೆ ಬರೆದಿಟ್ಟಿದ್ದೇನೆ. "ದಿನಾಂಕ ಇಂಥದ್ದರ ಪಂಚನಾಮೆಯಲ್ಲಿ ನಾನು ಹಾಕಿದ ಸಹಿ ತಪ್ಪು, ಅಲ್ಲಿ ದಾರಿ ಇತ್ತು, ನಾನು ಅದರಲ್ಲಿ ನಡೆದಿದ್ದೇನೆ." ಪಂಚರಲ್ಲಿ ಉಳಿದಿರುವುದು ನಾನೊಬ್ಬನೇ. ಇದರಿಂದ ಏನಾದೀತು ಅಂತ ವಕೀಲ ನಕ್ಕ. ಆದರೂ ಸೋಮವಾರ ತಹಸೀಲಿಗೆ ಹೋಗಿ ಕೊಟ್ಟು, ಸ್ವೀಕೃತಿ ಬರೆಸಿಕೊಂಡು ಬರುತ್ತೇನೆ. ಸಾಕ್ಷಿಗೆ ನಿಮ್ಮ ಕಾಕಿ ಬರುತ್ತಾಳಂತೆ. ಗಂಗಾಪೂಜೆಯ ವಿಷಯ ತಾನೇ ಹೇಳುತ್ತಾಳಂತೆ.

ಎಳ್ಳ ಅಮಾವಾಸ್ಯೆಗೆ ಬಾ. ಚರಗ ಚೆಲ್ಲಿ, ಸಜ್ಜೆ ರೊಟ್ಟಿ ಭಜ್ಜಿ ಉಂಡು, ಹುಣಸೆಮರದ ವರೆಗೆ ನಡೆದು ಹೋಗೋಣ. ಮಂಡಿ ನೋವು ಇದೆ, ಆದರೂ ಅಷ್ಟು ದೂರ ಆಗುತ್ತೆ. ಅಲ್ಲಿಂದ ಯಾವ ಕಡೆ ತಿರುಗುತ್ತಿತ್ತು ಅಂತ ತೋರಿಸುತ್ತೇನೆ, ನೀನು ಫೋಟೊ ತೆಗೆದುಕೋ. ಬರುವಾಗ ಆ ಹೆಲ್ಮೆಟ್ ಮಾತ್ರ ಚೀಲದಲ್ಲೇ ಇರಲಿ. ಅದರ ಮೇಲಿನ ಗೀರು ಕಂಡರೆ ನಿಮ್ಮವ್ವ ಮತ್ತೆ ಶುರು ಮಾಡುತ್ತಾಳೆ.

ನಿನ್ನ ಕಾಕಾ